ಮಲಗಿದ ಅಮ್ಮ

“ಏಳೇ, ಮೊದಲು ಅಲ್ಲಿಂದ ಏಳು.”

ಬಾಗಿಲಲ್ಲಿ ನಿಂತು ದೊಡ್ಡಮ್ಮ ಕೂಗಿದ ರಭಸಕ್ಕೆ ಚಿತ್ರಕಾರನ ಕೈಯ ಕುಂಚ ಜಾರಿ ನೆಲಕ್ಕೆ ಬಿತ್ತು. ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದ ಅವನ ಮಗಳು ಧಡಕ್ಕನೆ ಎದ್ದು ಕುಳಿತಳು.

“ಅವಳಿಗೇನೂ ಆಗಿಲ್ಲ ದೊಡ್ಡಮ್ಮ. ಚಿತ್ರಕ್ಕೆ ಅಂತ ಮಲಗಿಸಿದೀನಿ ಅಷ್ಟೆ,” ಎಂದು ಚಿತ್ರಕಾರ ನಕ್ಕ. “ನಿನ್ನ ಕಣ್ಣಿನ ಆಪರೇಷನ್ ಮಾಡಿಸಿದ್ದೇ ತಪ್ಪಾಯ್ತು ನೋಡು. ಬಂದವಳೇ ಜಗಳ ತೆಗೀತೀಯ.”

ದೊಡ್ಡಮ್ಮ ನಗಲಿಲ್ಲ. ತಾಯಿಯಿಲ್ಲದ ಅವನನ್ನು ಸಾಕಿ ಸಲಹಿದವಳು ಅವಳೇ. ಆದರೆ ಅವನು ಹೆಸರು ಮಾಡುವ ಹೊತ್ತಿಗೆ ಅವಳ ಕಣ್ಣು ಮಂಜಾಗಿತ್ತು. ಯಾರಾದರೂ ಚಿತ್ರ ಹೇಗಿದೆ ಎಂದು ಕೇಳಿದರೆ, “ನಮ್ಮ ಹುಡುಗ ಬರೆದದ್ದು, ಚೆನ್ನಾಗಿರದೆ ಇನ್ನೇನು,” ಎಂದು ತೇಲಿಸಿಬಿಡುತ್ತಿದ್ದಳು. ಇವತ್ತು ಪೊರೆ ತೆಗೆಸಿಕೊಂಡ ಕಣ್ಣಿನಿಂದ ಮೊದಲ ಸಲ ಅವನ ಚಿತ್ರವನ್ನು ನೋಡುತ್ತಿದ್ದಳು.

ಅವನು ಬರೆಯುತ್ತಿದ್ದದ್ದು ಯಾವಾಗಲೂ ಒಂದೇ ಚಿತ್ರ. ಮಂಚದ ಮೇಲೆ ಮಲಗಿದ ಹೆಂಗಸು, ಅಂಚಿನಿಂದ ಕೆಳಗೆ ಇಳಿಬಿದ್ದ ಅವಳ ಒಂದು ಕೈ. ಅಮ್ಮನದು ಅಂತ ಅವನಿಗಿದ್ದದ್ದು ಅದೊಂದೇ ನೆನಪು. ಮಧ್ಯಾಹ್ನದ ಹೊತ್ತು, ಅಮ್ಮ ಮಲಗಿದ್ದಾಳೆ, ಪಕ್ಕದಲ್ಲಿ ತಾನು ಕೂತಿದ್ದೇನೆ. ಅಷ್ಟನ್ನೇ ಎದೆಗವಚಿಕೊಂಡು ಬದುಕಿದವನು ಅವನು. ನಿದ್ದೆಯ ನೆಮ್ಮದಿಯನ್ನು ಇಷ್ಟು ಚೆನ್ನಾಗಿ ಯಾರೂ ಬರೆದಿಲ್ಲ ಎಂದು ಜನ ಹೊಗಳುತ್ತಿದ್ದರು. ಕೊಂಡವರು ಮಲಗುವ ಕೋಣೆಯಲ್ಲೇ ತೂಗುಹಾಕಿಕೊಳ್ಳುತ್ತಿದ್ದರು. ಮಗಳಿಗೆ ಥೇಟ್ ಅಜ್ಜಿಯ ಮುಖವೇ ಬಂದಿದೆ ಎಂದು ಎಲ್ಲರೂ ಹೇಳಿದ್ದರಿಂದ, ಈ ಸಲ ಅವಳನ್ನೇ ಮಲಗಿಸಿದ್ದ.

“ತುಟಿಗೆ ಈ ಬಣ್ಣ ಹಾಕು ಅಂತ ಯಾರು ಹೇಳಿದ್ದು ನಿಂಗೆ?” ದೊಡ್ಡಮ್ಮ ಚಿತ್ರದ ಕಡೆ ಕೈ ತೋರಿಸಿದಳು.

“ಯಾರು ಹೇಳ್ತಾರೆ? ನಂಗೆ ನೆನಪಿರೋದೇ ಹಾಗೆ. ಚೂರು ನೀಲಿ ಬೆರೆಸದೆ ಹೋದ್ರೆ ಅಮ್ಮ ಅಂತ ಅನ್ನಿಸೋದೇ ಇಲ್ಲ.”

“ಆ ಕೈ?”

“ನಿದ್ದೇಲೂ ನನ್ನನ್ನ ಹತ್ರ ಕರೀತಿದಾಳೆ.”

“ಕರೀತಿರಲಿಲ್ಲ ಕಣೋ.” ದೊಡ್ಡಮ್ಮ ಗೋಡೆ ಹಿಡಿದುಕೊಂಡು ಹಾಗೇ ಕುಸಿದು ಕುಳಿತಳು. “ಅವಳು ಮಲಗಿರಲಿಲ್ಲ.”

ಚಿತ್ರಕಾರನಿಗೆ ಮೊದಲು ಅರ್ಥವೇ ಆಗಲಿಲ್ಲ. ಆದಾಗ ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. “ಅಮ್ಮ ಹೋದದ್ದು ಆಸ್ಪತ್ರೇಲಿ. ಅವತ್ತು ನಾನು ನಿಮ್ಮನೇಲಿ ಆಡ್ಕೊಂಡಿದ್ದೆ. ನೀವೇ ಹೇಳಿದ್ರಲ್ಲ.”

“ಹೇಳಿದ್ವಿ. ಎಲ್ಲರೂ ಅದನ್ನೇ ಹೇಳೋದು ಅಂತ ಮಾತಾಡಿಕೊಂಡು ಬಾಯಿಗೆ ಬೀಗ ಹಾಕ್ಕೊಂಡ್ವಿ. ನಿಮ್ಮಪ್ಪ ಊರಲ್ಲಿರಲಿಲ್ಲ. ನಿಂತ ನಿಲುವಲ್ಲೇ ಎದೆ ಹಿಡ್ಕೊಂಡಿತೋ ಏನೋ, ಹೋಗಿ ಮಂಚದ ಮೇಲೆ ಬಿದ್ದಿದಾಳೆ. ಒಳಗಿಂದ ಚಿಲಕ ಹಾಕಿತ್ತು. ನಿಂಗೆ ಅದು ಎಟುಕ್ತಿರಲಿಲ್ಲ. ಬೆಳಿಗ್ಗೆಯಿಂದ ಸಂಜೆ ತನಕ ಅವಳ ಪಕ್ಕದಲ್ಲಿ ನೀನೊಬ್ಬನೇ.”

ಮಗಳು ಮಂಚದಿಂದ ಸರ್ರನೆ ಇಳಿದು ದೂರ ಹೋಗಿ ನಿಂತಳು. ಅಂಗೈಯಿಂದ ತನ್ನ ತುಟಿಗಳನ್ನು ಗಸಗಸ ಉಜ್ಜಿಕೊಳ್ಳತೊಡಗಿದಳು. ಅವಳ ತುಟಿಯ ಮೇಲೆ ಯಾವ ಬಣ್ಣವೂ ಇರಲಿಲ್ಲ.

ಚಿತ್ರಕಾರನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಯಾರು ಯಾರದೋ ಮನೆಗಳಲ್ಲಿ, ಯಾರು ಯಾರದೋ ಹಾಸಿಗೆಗಳ ಮೇಲೆ ಅಮ್ಮ ತೂಗುತ್ತಿದ್ದಳು. ಅವನಿಗೆ ಕೆಟ್ಟ ಸಿಟ್ಟು ಬಂತು.

“ಅಷ್ಟು ಚಿಕ್ಕ ಮಗೂಗೆ ಅಂಥ ಸುಳ್ಳು ಹೇಳೋಕೆ ಮನಸ್ಸಾದ್ರೂ ಹೇಗೆ ಬಂತು? ಮಲಗಿದಾಳೆ ಅಂತ ನಂಗೆ ಹೇಳಿದ್ದು ಯಾರು? ನೀನಾ?”

ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ನಾವ್ಯಾರೂ ಹೇಳಲಿಲ್ಲವೋ. ಬಾಗಿಲು ಒಡೆದು ಒಳಗೆ ಬಂದ್ವಿ. ಅವಳನ್ನ ನೋಡಿ ನಾನು ಕಿರುಚೋಕೆ ಬಾಯಿ ತೆಗೆದೆ. ನೀನು ತುಟಿ ಮೇಲೆ ಬೆರಳಿಟ್ಟುಕೊಂಡು, ಸದ್ದು ಮಾಡಬೇಡಿ, ಅಮ್ಮ ಇನ್ನೂ ಎದ್ದಿಲ್ಲ ಅಂದೆ.”