ಹಿಗ್ಗದ ಅಗುಳಿ

ಹನ್ನೊಂದರ ಸೈರನ್ ಕೂಗಿತು. ಇನ್ನು ಅರ್ಧ ಗಂಟೆ ಈ ಬಿಸಿಲಲ್ಲಿ ಹೊರಗಿದ್ದವರು ಬದುಕಿ ಉಳಿಯುವುದಿಲ್ಲ. ಬಿಸಿಗಾಳಿ ಒಳನುಗ್ಗದಂತೆ ನೀಲವ್ವ ಬೀದಿಬಾಗಿಲಿಗೆ ಅಗುಳಿ ಹಾಕಿದಳು. ಕಬ್ಬಿಣದ್ದಾದರೆ ಈ ಬಿಸಿಲಿಗೆ ಹಿಗ್ಗಿ ಸಂಜೆತನಕ ಸಿಕ್ಕಿಕೊಳ್ಳುತ್ತದೆ; ಅದಕ್ಕೇ ಬೀದಿಬಾಗಿಲಿಗೆ ಮಾತ್ರ ಎಲ್ಲರೂ ಹಿಗ್ಗದ ಇನ್‌ವಾರ್ ಲೋಹದ್ದು ಹಾಕಿಸುತ್ತಿದ್ದರು. ಗಂಡ ಅಡಿವೆಪ್ಪ ದಿನಾ ಕಾಲು ಗಂಟೆ ತಡ.

ಇವತ್ತೂ ತಡವಾಗಿಯೇ ಬಂದು ಬಡಿದ. "ನೀಲಾ, ಲಗೂ ತೆಗಿ! ಮೈ ಸುಡಾಕತ್ತೈತಿ!"

ಜಗ್ಗಿದಳು. ಅಗುಳಿ ಅಲುಗಲಿಲ್ಲ. ಎರಡೂ ಕೈಯಿಂದ ಜಗ್ಗಿದಳು. ನಿನ್ನೆ ಆಯುಧಪೂಜೆಗೆಂದು ನೋಡಲು ಒಂದೇ ಥರವಿದ್ದ ಮನೆಯ ಅಗುಳಿಗಳನ್ನೆಲ್ಲ ಬಿಚ್ಚಿ ತೊಳೆದು, ವಿಭೂತಿ ಬಳಿದು, ತಾನೇ ತಿರುಗಿ ಜೋಡಿಸಿದ್ದು ನೆನಪಾಯಿತು.

ಹೊರಗಿನ ಬಡಿತ ನಿಧಾನವಾಗುತ್ತಿತ್ತು.

ಕಿವಿ ಮಂದವಾದ ಅತ್ತೆ ಬಚ್ಚಲಿನಿಂದ ಖುಷಿಯಾಗಿ ಕೂಗಿದಳು: "ನೀಲವ್ವಾ, ನಿನ್ನಿ ಪೂಜಿ ಫಲ ಕೊಡ್ತು ನೋಡು! ದಿನಾ ಈ ಹೊತ್ತಿಗೆ ಬಿಗಿಯೋ ಬಚ್ಚಲದ ಅಗುಳಿ ಇವತ್ತ ಬೆಣ್ಣಿಯಂಗ ಸರಿಯಾಕತ್ತೈತಿ!"