ಕಥೆ ಹೇಳದ ಮಡಕೆ

ಮ್ಯೂಸಿಯಂಗೆ ಬರುವ ಪುಟ್ಟ ಮಕ್ಕಳಿಗೆಂದು ಆಟಿಕೆ ತಯಾರಿಸುವ ಹೆಂಗಸೊಬ್ಬಳು ಕಥೆ ಹೇಳುವ ಮಡಕೆಯೊಂದನ್ನು ಮಾಡಿಟ್ಟಿದ್ದಳು.

"ಮೂರು ದಿನದಿಂದ ತಟ್ಟಿ ನೋಡ್ತಿದೀನಿ, ತುಟಿಪಿಟಕ್ ಅಂದಿಲ್ಲ ನಿಮ್ಮ ಮಡಕೆ," ಎಂದರು ಮ್ಯೂಸಿಯಂ ನೋಡಿಕೊಳ್ಳುವ ಸಾಹೇಬರು. "ಗಾಜಿನ ಪೆಟ್ಟಿಗೆಯೊಳಗಿಡಿ, ಇಲ್ಲಾ ವಾಪಸ್ ತಗೊಂಡು ಹೋಗಿ."

"ಎರಡೂ ಆಗಲ್ಲ ಸರ್. ಮಕ್ಕಳ ಕೈಗೆ ಬಿಡಿ."

"ಒಡೆದರೆ?"

"ಒಡೆಯಲಿ. ನಿಮ್ಮ ಕಪಾಟಿನಲ್ಲಿರೋ ಹಳೇ ಮಡಕೆಗಳಲ್ಲಿ ಒಡೆಯದೇ ಇರೋದು ಯಾವುದಿದೆ?"

ಅಷ್ಟರಲ್ಲಿ ನಾಲ್ಕು ವರ್ಷದ ಹುಡುಗಿಯೊಬ್ಬಳು ಮಡಕೆಯನ್ನು ಎತ್ತಲು ಹೋಗಿ ಕೆಡವಿದಳು. ಐದು ಚೂರಾಯಿತು.

"ನೋಡಿದ್ರಾ?" ಸಾಹೇಬರು ಜವಾನನನ್ನು ಕರೆದರು. "ಮೊದಲು ಇದನ್ನ ಗುಡಿಸಪ್ಪ. ಮೇಡಂ, ಆಮೇಲೆ ನೀವೂ ಹೊರಡಿ."

ಅವಳು ಜವಾನನ ಪೊರಕೆಗೆ ಅಡ್ಡ ನಿಂತಳು. "ಆ ಮಗು ಬಿಟ್ಟು ಬೇರೆ ಯಾರೂ ಮುಟ್ಟಬೇಡಿ."

ಮಗು ನೆಲದ ಮೇಲೆ ಕೂತು, ಅವಳು ಬೇಕೆಂದೇ ಅಂಚಿನಲ್ಲಿ ಅಯಸ್ಕಾಂತವಿಟ್ಟು ಮಾಡಿದ್ದ ಚೂರುಗಳನ್ನು ಒಂದೊಂದಾಗಿ ಕೂಡಿಸಿತು. ಕೊನೆಯ ಚೂರು ಕೂತದ್ದೇ ಮಡಕೆ, ಕಪಾಟಿನ ಹಳೇ ಮಡಕೆಯೊಂದರ ದನಿಯಲ್ಲಿ ಬಾಯಿಬಿಟ್ಟಿತು: "ಎರಡು ಸಾವಿರ ವರ್ಷ ಮಣ್ಣಲ್ಲಿ ಚೂರಾಗಿ ಬಿದ್ದಿದ್ದೆ ಕಂದಾ. ನೀನು ಕೂಡಿಸಿದೆ, ಈಗ ಹೇಳ್ತೀನಿ ಕೇಳು."