ಎರವಲು ಹೆಪ್ಪು

ಬೇಸಿಗೆ ಶುರುವಾದ ವಾರ, ಬೆಳಿಗ್ಗೆ ಹಾಲು ಕಾಯಿಸುವ ಹೊತ್ತಿಗೆ ನೋಡಿದರೆ ನಮ್ಮ ಮನೆಯ ಹೆಪ್ಪು ಕೆಟ್ಟಿತ್ತು. ಮರೆವು ಹತ್ತಿದವರಿಗೆ ಅವರವರ ಮನೆಯ ಹೆಪ್ಪಿನ ಮೊಸರೇ ಔಷಧ. ಒಂದು ಬಟ್ಟಲು ಉಂಡರೆ ನನ್ನ ಹೆಂಡತಿ ಕಲ್ಲವ್ವನಿಗೆ ಸಂಜೆತನಕ ನನ್ನ ಗುರುತು ಇರುತ್ತಿತ್ತು. ಹೆಪ್ಪು ಕೆಟ್ಟರೆ ಪಕ್ಕದ ಮನೆಯಲ್ಲಿ ಕೇಳುವುದು ಮೊದಲಿನಿಂದ ಬಂದ ರೂಢಿ. ಯೋಚಿಸದೆ ವಿಧವೆ ಫಕೀರವ್ವನ ಹತ್ತಿರ ಒಂದು ಚಮಚ ಇಸಕೊಂಡು ಬಂದೆ.

ಮೊಸರು ಗಟ್ಟಿಯಾಗಿಯೇ ಕೂತಿತು. ಮರುದಿನ ಉಂಡು ಎದ್ದ ಕಲ್ಲವ್ವ, "ಅಣ್ಣಾರ, ಹೊತ್ತಾತು. ನಮ್ಮನಿಯವರು ಹಾದಿ ನೋಡತಿರತಾರ" ಅಂದಳು.

"ನಾನ ನಿನ್ನ ಗಂಡ."

"ಈ ವಯಸ್ಸಿನ್ಯಾಗ ಇಂಥಾ ಚಾಷ್ಟಿ ಬ್ಯಾಡ್ರಿ. ನಾ ಹೋಗದಿದ್ರ ಅವರು ಉಪ್ಪಿಟ್ಟಿಗೆ ಕದ್ದು ಸಕ್ರಿ ಹಾಕ್ಕೊಂತಾರ."

ಕೇಳುತ್ತ ಬಾಗಿಲಲ್ಲಿ ನಿಂತಿದ್ದ ಫಕೀರವ್ವ ಕಣ್ಣು ಒರೆಸಿಕೊಂಡಳು. "ಯಣ್ಣಾ, ನನ್ನ ಗಂಡ ಹಂಗ ಕದ್ದು ಸಕ್ರಿ ಹಾಕ್ಕೊಂತಿದ್ದ. ಅದೂ ಅಕಿಗೆ ಗೊತ್ತೈತಿ."

ಹಿಂದೆ ನಮ್ಮ ಹೆಪ್ಪು ಒಯ್ದವರು ಯಾರಾದರೂ ಉಳಿಸಿಕೊಂಡಿದ್ದಾರೇನು ಅಂತ ಓಣಿಯೆಲ್ಲ ಕೇಳಿದೆ. ಎಲ್ಲರ ಮನೆಯಲ್ಲೂ ಪ್ಯಾಕೆಟ್ ಮೊಸರು. ಒಂದು ದಿನ ಕಲ್ಲವ್ವನಿಗೆ ಬಟ್ಟಲು ಕೊಡದೆ ನೋಡಿದೆ. ಅವಳಿಗೆ ಅನ್ನ ಕಲಸುವುದೂ ಮರೆತುಹೋಯಿತು. ಮತ್ತೆ ಕೊಟ್ಟೆ.

ಗುರುವಾರ ಬೆಳಿಗ್ಗೆ ಕಲ್ಲವ್ವ ಎರಡು ಸೀರೆ ಚೀಲಕ್ಕೆ ಹಾಕಿಕೊಂಡು ಫಕೀರವ್ವನ ಮನೆಗೆ ಹೋದಳು.